ಹೊಸಬರನ್ನು ಜೊತೆಗೆ ಕರೆದೊಯ್ದ ಪಕ್ಷಿಗುರುವನ್ನು ನೆನೆಯುವ ಬಗೆ

ಪಕ್ಷಿವೀಕ್ಷಣೆ ಕಲಿಸಿದ ಹಿರಿಯರು ತೀರಿಕೊಂಡಾಗ ಎಲ್ಲರೂ ಒಂದೆಡೆ ಸೇರಿ ಅವರ ಬಗ್ಗೆ ನಾಲ್ಕು ಮಾತನಾಡುವುದು ವಾಡಿಕೆ. ಆದರೆ ಆ ಹಿರಿಯರು ಏನೂ ತಿಳಿಯದೆ ಬಂದವರನ್ನೂ ಅಕ್ಕರೆಯಿಂದ ಜೊತೆಗೆ ಕರೆದೊಯ್ಯುತ್ತಿದ್ದವರಾಗಿದ್ದರೆ, ಅವರ ನೆನಪಿನಲ್ಲಿ ಹೊಸಬರಿಗಾಗಿಯೇ ಒಂದು ಬೆಳಗಿನ ನಡಿಗೆಯನ್ನು ಏರ್ಪಡಿಸುವುದು ಹೆಚ್ಚು ಸೂಕ್ತವೆಂದು ನನ್ನ ಭಾವನೆ. ನನ್ನ ಗುರುಗಳು ಹೋದ ಮೇಲೆ ನಾವು ಕೆಲವರು ಮಾಡಿದ್ದು ಇದನ್ನೇ.

ಮೊದಲು ಅವರಿಂದ ಕಲಿತವರನ್ನೆಲ್ಲ ಮಾತನಾಡಿಸಿ. ಅವರು ಎಂಥವರಾಗಿದ್ದರು ಎಂದು ಕೇಳಿದರೆ ಒಳ್ಳೆಯವರು, ಸರಳರು ಎಂಬ ಉತ್ತರವಷ್ಟೇ ಸಿಗುತ್ತದೆ. ಮೊದಲ ದಿನ ಯಾವ ಹಕ್ಕಿಯನ್ನು ತೋರಿಸಿದರು, ನೀವು ತಪ್ಪು ಹೇಳಿದಾಗ ಏನು ಮಾಡಿದರು ಎಂದು ಕೇಳಿದರೆ ಅವರು ಕಲಿಸುತ್ತಿದ್ದ ರೀತಿಯೇ ಹೊರಬರುತ್ತದೆ. ನಾನು ಮೊದಲ ದಿನ ನೀರಿನಂಚಿನ ಬಿಳಿ ಹಕ್ಕಿಯನ್ನು ಕಂಡು ಕೊಕ್ಕರೆ ಎಂದಿದ್ದೆ. ಗುರುಗಳು ತಿದ್ದಲಿಲ್ಲ, ಅದರ ಕಾಲನ್ನೇ ನೋಡುತ್ತಿರಿ ಎಂದರು. ಅಲುಗಾಡದೆ ನಿಂತಿದ್ದ ಹಕ್ಕಿ ಬಹಳ ಹೊತ್ತಿನ ಮೇಲೆ ಒಂದು ಕಾಲನ್ನು ಮೆಲ್ಲಗೆ ನೀರಿನಿಂದ ಮೇಲಕ್ಕೆತ್ತಿತು. ಕಪ್ಪು ಕಾಲಿನ ತುದಿಯಲ್ಲಿ ಹಚ್ಚ ಹಳದಿ ಬೆರಳುಗಳು ತೊಟ್ಟಿಕ್ಕುತ್ತಿದ್ದವು. ಅದು ಸಣ್ಣ ಬೆಳ್ಳಕ್ಕಿ ಎಂದು ಅವರು ಹೇಳಿದ್ದು ನಾನು ಆ ಬೆರಳುಗಳನ್ನು ಕಂಡ ನಂತರ. ನಿಮ್ಮ ನಡಿಗೆಯಲ್ಲಿಯೂ ಮೊದಲು ನೋಟ, ಆಮೇಲೆ ಹೆಸರು ಎಂಬ ಕ್ರಮವನ್ನು ಬಿಡಬೇಡಿ.

ಯಾವ ಜಾಗ, ಯಾವ ತಿಂಗಳು ಎಂಬುದಕ್ಕೆ ಅವರ ಟಿಪ್ಪಣಿ ಪುಸ್ತಕಗಳೇ ದಾರಿ ತೋರಿಸುತ್ತವೆ. ಮನೆಯವರ ಒಪ್ಪಿಗೆ ಪಡೆದು, ಪುಟಗಳು ಹರಿದುಹೋಗುವ ಮೊದಲೇ ಪ್ರತಿಯೊಂದರ ಚಿತ್ರ ತೆಗೆದಿಡಿ. ಕಂಡ ಹಕ್ಕಿಗಳ ಪಟ್ಟಿಯನ್ನು ಯಾರು ಬೇಕಾದರೂ ದಾಖಲಿಸಬಹುದಾದ, 2002ರಲ್ಲಿ ಆರಂಭವಾದ ಈಬರ್ಡ್ ಎಂಬ ಅಂತರ್ಜಾಲ ತಾಣ ಹಳೆಯ ದಾಖಲೆಗಳನ್ನೂ ಸ್ವೀಕರಿಸುತ್ತದೆ. ಎಷ್ಟು ಹೊತ್ತು, ಎಷ್ಟು ದೂರ ನಡೆದರೆಂಬುದು ಪುಸ್ತಕದಲ್ಲಿ ಇಲ್ಲದಿದ್ದರೆ ಹಿಸ್ಟಾರಿಕಲ್ ಎಂಬ ವೀಕ್ಷಣಾ ವಿಧವನ್ನೂ, ಹಕ್ಕಿಗಳ ಎಣಿಕೆ ಇಲ್ಲದಿದ್ದರೆ ಎಕ್ಸ್ ಅಕ್ಷರವನ್ನೂ ಬಳಸಬೇಕು. ಅವರು ಕಂಡದ್ದನ್ನು ನಿಮ್ಮ ಪಟ್ಟಿಯೊಂದಿಗೆ ಬೆರೆಸದೆ ಬೇರೆ ಖಾತೆಯಲ್ಲಿಯೇ ಇಡಿ. ಹಳೆಯ ಹೆಸರುಗಳ ವಿಷಯದಲ್ಲಿ ಎಚ್ಚರ ಬೇಕು: ಗೋವಕ್ಕಿಯನ್ನು ಈಬರ್ಡ್ 2023ರಲ್ಲಿ ಪೂರ್ವದ್ದು, ಪಶ್ಚಿಮದ್ದು ಎಂದು ಎರಡು ಪ್ರಭೇದಗಳಾಗಿ ಬೇರ್ಪಡಿಸಿತು. ಆದ್ದರಿಂದ ಪುಸ್ತಕದ ಬರಹವನ್ನು ತಿದ್ದದೆ, ದಾಖಲಿಸುವಾಗ ಮಾತ್ರ ಇಂದಿನ ಹೆಸರನ್ನು ಆರಿಸಿ. ಗೂಡುಗಳ ಜಾಗವನ್ನಂತೂ ಬಹಿರಂಗಪಡಿಸಲೇಬಾರದು.

ಮೊದಲ ನಡಿಗೆಗೆ ಕಾಡಿಗಿಂತ ಕೆರೆಯೇ ವಾಸಿ. ಎಲೆಗಳ ಮರೆಯಲ್ಲಿ ಹಾರಾಡುವ ಪುಟ್ಟ ಹಕ್ಕಿಗಳು ಹೊಸಬರನ್ನು ದಣಿಸುತ್ತವೆ. ನೀರಿನ ಹಕ್ಕಿಗಳು ದೊಡ್ಡವು, ಬಯಲಿನಲ್ಲಿ ನಿಂತಿರುತ್ತವೆ, ನೋಡಲು ಸಮಯ ಕೊಡುತ್ತವೆ. ಸೂರ್ಯ ಬೆನ್ನ ಹಿಂದೆ ಇರುವಂತೆ ಗುಂಪನ್ನು ನಿಲ್ಲಿಸಿ, ಎಂಟು ಹತ್ತು ಜನರಿಗಿಂತ ಹೆಚ್ಚು ಸೇರಿಸಬೇಡಿ.

ಹೊಸಬರು ನಿರಾಶರಾಗಿ ಮರಳುವುದಕ್ಕೆ ಬಹುಪಾಲು ಕಾರಣ ದುರ್ಬೀನು. ಅದನ್ನು ಕೈಗೆ ಕೊಟ್ಟು ಸುಮ್ಮನಾಗುವುದು ಕೊಡದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಏನೂ ಕಾಣದಿದ್ದಾಗ ಅವರು ತಮ್ಮ ಕಣ್ಣನ್ನೇ ದೂಷಿಸಿಕೊಳ್ಳುತ್ತಾರೆ. 8×42 ಎಂದರೆ ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 42 ಮಿಲಿಮೀಟರ್ ಅಗಲವಿರುವ ದುರ್ಬೀನು. ಹತ್ತು ಪಟ್ಟಿನದರಲ್ಲಿ ಕೈನಡುಕವೂ ಹೆಚ್ಚಾಗಿ ಕಾಣುವುದರಿಂದ ಆರಂಭಕ್ಕೆ ಇದು ಮೇಲು. ಕನ್ನಡಕ ಹಾಕಿದವರಿದ್ದರೆ ಕಣ್ಣಿನ ಬಳಿಯ ರಬ್ಬರ್ ಬಟ್ಟಲನ್ನು ಒಳಕ್ಕೆ ಇಳಿಸಿ. ಎರಡು ವೃತ್ತಗಳು ಒಂದಾಗುವವರೆಗೆ ಕೊಳವೆಗಳನ್ನು ಹತ್ತಿರ ತರಲು ಹೇಳಿ. ಬಳಿಕ ಬಲಗಣ್ಣು ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೂ, ಎಡಗಣ್ಣು ಮುಚ್ಚಿ ಸಾಮಾನ್ಯವಾಗಿ ಬಲಗೊಳವೆಯಲ್ಲಿರುವ ಉಂಗುರದಿಂದ ಬಲಗಣ್ಣಿಗೂ ಸ್ಪಷ್ಟಗೊಳಿಸಿಕೊಳ್ಳಲಿ. ಕೊನೆಯದಾಗಿ, ಹಕ್ಕಿಯ ಮೇಲಿಟ್ಟ ದೃಷ್ಟಿಯನ್ನು ಕದಲಿಸದೆ ದುರ್ಬೀನನ್ನೇ ಕಣ್ಣಿಗೆ ತರುವುದನ್ನು ಕಲಿಸಿ. ಇದನ್ನು ಹಕ್ಕಿಗಿಂತ ಮೊದಲು ಯಾವುದಾದರೂ ಕಂಬದ ಮೇಲೆ ಅಭ್ಯಾಸ ಮಾಡಿಸಬೇಕು.

'ಅಗೋ ಅಲ್ಲಿ' ಎಂದು ಬೆರಳು ತೋರಿಸಿದರೆ ಯಾರಿಗೂ ಏನೂ ಕಾಣುವುದಿಲ್ಲ. ಮರವನ್ನು ಗಡಿಯಾರವೆಂದು ಭಾವಿಸಿ, ಎರಡು ಗಂಟೆಯ ದಿಕ್ಕಿನ ಒಣಕೊಂಬೆ ಎಂದು ಹೇಳಿ, ಕೊನೆಯವರಿಗೂ ಕಾಣುವವರೆಗೆ ಮುಂದೆ ಹೆಜ್ಜೆ ಇಡಬೇಡಿ. ಅಷ್ಟರಲ್ಲಿ ಅನುಭವಿಗಳು ಅಪರೂಪದ ಹಕ್ಕಿಯ ಬೆನ್ನು ಹತ್ತಿ ಹೋಗದಂತೆ ಮೊದಲೇ ಕೇಳಿಕೊಂಡಿರಬೇಕು. ಆ ಬೆಳಗು ಅವರದ್ದಲ್ಲ.

ನಡಿಗೆ ಮುಗಿದ ಮೇಲೆ ಕುಳಿತು ಪಟ್ಟಿ ಬರೆಯಿರಿ, ಒದ್ದೆಯಾದರೂ ಅಳಿಸದಂತೆ ಪೆನ್ಸಿಲಿನಲ್ಲಿ. ಗುರುತು ಸಿಗದ ಹಕ್ಕಿಯನ್ನು ಬಿಡದೆ, ಕಂಡ ಬಣ್ಣ, ಕೊಕ್ಕು, ನಡಿಗೆಯನ್ನು ನೋಡಿದವರ ಮಾತಿನಲ್ಲೇ ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಪ್ರತಿ ಹಕ್ಕಿಯ ಮುಂದೆ ಅದನ್ನು ಮೊದಲು ಕಂಡವರ ಹೆಸರಿರಲಿ. ಗುರುಗಳ ಪುಸ್ತಕದ ಚಿತ್ರ ತೆಗೆಯುತ್ತಿದ್ದಾಗ ನನ್ನ ಮೊದಲ ದಿನದ ಪುಟ ಸಿಕ್ಕಿತು. ಸಣ್ಣ ಬೆಳ್ಳಕ್ಕಿಯ ಎದುರು, ಅವರ ಓರೆ ಅಕ್ಷರಗಳಲ್ಲಿ, ನನ್ನ ಹೆಸರಿತ್ತು. ಹೊಸಬರ ಹೆಸರನ್ನೂ ಹಾಗೆಯೇ ಬರೆದು, ಆ ಪುಟದ ಒಂದು ಪ್ರತಿಯನ್ನು ಅವರ ಕೈಗೆ ಕೊಟ್ಟು ಕಳುಹಿಸಿ, ಮುಂದಿನ ನಡಿಗೆಯ ದಿನವನ್ನು ಅದರ ಕೆಳಗೇ ನಮೂದಿಸಿ.