ನೆನಪು ಕಳೆದುಕೊಂಡ ಹುಡುಗಿಯ ಕಾದಂಬರಿ ಬರೆಯುವಾಗ

ಹದಿಹರೆಯದವರಿಗಾಗಿ ಇಂಥ ಕಾದಂಬರಿ ಬರೆಯಲು ಕೂತವರು ಮೊದಲು ಎರಡು ಪಟ್ಟಿ ಮಾಡಿಕೊಳ್ಳಿ: ಹೋದದ್ದೇನು, ಉಳಿದದ್ದೇನು. ಎರಡನೆಯದೇ ಉದ್ದವಿರಲಿ. ಒಂದು ಏಟಿಗೆ ಹೆಸರು, ಊರು, ಅಪ್ಪ-ಅಮ್ಮ ಎಲ್ಲ ಅಳಿಸಿ, ಇನ್ನೊಂದು ಏಟಿಗೆ ವಾಪಸ್ ಬರುವುದೆಲ್ಲ ಸಿನಿಮಾ. ತಲೆಗೆ ಏಟಾದಾಗ ಸಾಮಾನ್ಯವಾಗಿ ಹೋಗುವುದು ಇತ್ತೀಚಿನದು, ಬಾಲ್ಯ ಉಳಿಯುತ್ತದೆ. ಮರಳುವಾಗಲೂ ಬಹುಮಟ್ಟಿಗೆ ಹಳೆಯದೇ ಮೊದಲು. ಅಪಘಾತದ ಗಳಿಗೆಯಂತೂ ಎಂದೂ ಬಾರದೇ ಇರಬಹುದು. ಹಾಗಾಗಿ ಅದನ್ನು ಕೊನೆಯ ಅಧ್ಯಾಯಕ್ಕೆ ಬಚ್ಚಿಟ್ಟಿದ್ದರೆ, ಬೇರೆಯವರ ಬಾಯಿಂದ ಹೇಳಿಸಿ.

ನಾಯಕಿಗೆ 17 ವರ್ಷ, ಕೊನೆಯ ಎರಡು ವರ್ಷ ಹೋಗಿವೆ ಎಂದಿಟ್ಟುಕೊಳ್ಳಿ. ಅಮ್ಮನ ಗುರುತಿದೆ, ಪಿಯುಸಿಯ ಹಾಸ್ಟೆಲ್ ಗೆಳತಿಯ ಗುರುತಿಲ್ಲ. ಒಂದೇ ತಟ್ಟೆಯಲ್ಲಿ ಉಂಡವಳು ಬಂದು 'ಹೇಗಿದ್ದೀಯೇ' ಅಂದರೆ ಇವಳು 'ಕೂತ್ಕೊಳ್ಳಿ' ಅನ್ನುತ್ತಾಳೆ. ಆ ಬಹುವಚನ ಸಾಕು, ಅಳು ಬೇಡ.

ಆದರೆ ಕೈಗೆ ಬೇರೆಯೇ ನೆನಪಿದೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಅವರಿಗೆ ಮೂರ್ಛೆರೋಗಕ್ಕೆಂದು ಶಸ್ತ್ರಚಿಕಿತ್ಸೆ ಮಾಡಿ, ಮಿದುಳಿನ ಎರಡೂ ಬದಿಯಲ್ಲಿ, ಹೊಸ ನೆನಪು ಕೂಡಿಡಲು ಬೇಕಾದ ಹಿಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದರು. ಆಮೇಲೆ ನಡೆದದ್ದು ಬಹುಮಟ್ಟಿಗೆ ಅವರ ಮನಸ್ಸಿನಲ್ಲಿ ನಿಲ್ಲಲಿಲ್ಲ. ಆದರೂ ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವುದನ್ನು ಮೂರೇ ದಿನದಲ್ಲಿ ರೂಢಿಸಿಕೊಂಡರು, ಹಿಂದೆ ಎಳೆದ ನೆನಪು ಮಾತ್ರ ಇರಲಿಲ್ಲ. ನಿಮ್ಮ ಹುಡುಗಿಗೂ ಮಲ್ಲಿಗೆ ಮೊಗ್ಗು ಕೊಡಿ. ಬೆರಳುಗಳು ಎರಡು ಈ ಕಡೆ, ಎರಡು ಆ ಕಡೆ ಇಟ್ಟು ದಾರ ಸುತ್ತಿ ಬಿಗಿಯುತ್ತವೆ. ಕಲಿಸಿದ ಗೆಳತಿ ಎದುರಿಗೇ ಇದ್ದಾಳೆ!

ಹೆಚ್ಚಿನವರು ಎಡವುವುದು ಮನೆಯವರು ಹೇಳಿದ್ದನ್ನೆಲ್ಲ ಸತ್ಯವೆಂದು ಬರೆಯುವಲ್ಲಿ. 1974ರ ಪ್ರಯೋಗವೊಂದರಲ್ಲಿ ಕಾರು ಅಪಘಾತದ ಚಲನಚಿತ್ರದ ತುಣುಕು ತೋರಿಸಿ, ಕೆಲವರಿಗೆ ಕಾರುಗಳು 'ತಾಗಿದಾಗ' ವೇಗ ಎಷ್ಟಿತ್ತು ಎಂದೂ, ಕೆಲವರಿಗೆ 'ಗುದ್ದಿ ನುಜ್ಜುಗುಜ್ಜಾದಾಗ' ಎಷ್ಟಿತ್ತು ಎಂದೂ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕೇಳಿದರು. ವಾರದ ನಂತರ, ಚಿತ್ರದಲ್ಲಿ ಇರದಿದ್ದ ಒಡೆದ ಗಾಜನ್ನು 'ನೋಡಿದೆವು' ಅಂದವರು ಮೊದಲ ಗುಂಪಿನ 50ರಲ್ಲಿ 7, ಎರಡನೆಯದರಲ್ಲಿ 16 ಜನ. ಅಂದಮೇಲೆ ಅಜ್ಜಿ ಮೂರು ಸಲ ಹೇಳಿದ 'ನೀನು ಹಠಮಾರಿ' ಎಂಬ ಮಾತು, ನಾಲ್ಕನೆಯ ಅಧ್ಯಾಯದಲ್ಲಿ ಇವಳದೇ ನೆನಪಾಗಿ ಬರಲಿ. ಓದುಗರಿಗೆ ಅಜ್ಜಿಯ ಪದ ಗುರುತಾಗಬೇಕು, ಇವಳಿಗೆ ಆಗಬಾರದು.

ಕರಡು ಮುಗಿದ ಮೇಲೆ, 'ಹಾಗೆ', 'ಥರ', 'ಅಂತೆ' ಬಂದ ಹೋಲಿಕೆಗಳಿಗೆಲ್ಲ ಪೆನ್ಸಿಲ್ ಗುರುತು ಹಾಕಿ. ಕಥೆ ಅವಳ ಬಾಯಲ್ಲೇ ಇದ್ದರೆ, ಕಳೆದ ಎರಡು ವರ್ಷದ ಹಾಸ್ಟೆಲ್ ಊಟ ಹೋಲಿಕೆಯಾಗಿ ನುಸುಳುವುದು ಇಲ್ಲೇ. 'ಮರೆತೆ' ಎಂಬುದನ್ನೂ ಹೊಡೆದುಹಾಕಿ. ಇಲ್ಲದ್ದನ್ನು ಯಾರೂ ಮರೆತೆ ಅನ್ನುವುದಿಲ್ಲ, 'ನಂಗೊತ್ತಿಲ್ಲ' ಅಂತಾರೆ.