ಮಗುವಿನ ಕಾಲೇಜಿಗೆ ಎಷ್ಟು ಉಳಿಸಬೇಕು? ಅರ್ಧ ಸಾಕು

ಮಗುವಿಗೆ ಮೂರು ವರ್ಷ ತುಂಬುವಷ್ಟರಲ್ಲಿ ಯಾರೋ ಒಬ್ಬ ಏಜೆಂಟ್ ಮನೆಗೆ ಬಂದು, ಇನ್ನು ಹದಿನೈದು ವರ್ಷಕ್ಕೆ ಇಂಜಿನಿಯರಿಂಗಿಗೆ ಒಂದು ಕೋಟಿ ಬೇಕಾಗುತ್ತೆ ಅಂತ ಹೆದರಿಸಿ, ಚೈಲ್ಡ್ ಪ್ಲಾನ್‌ಗೆ (ಮಕ್ಕಳ ಓದಿಗೆ ಅಂತ ಮಾರುವ ಇನ್ಶೂರೆನ್ಸ್ ಪಾಲಿಸಿ) ಸಹಿ ಹಾಕಿಸಿಕೊಂಡು ಹೋಗಿರುತ್ತಾರೆ. ಆ ಕೋಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಇವತ್ತು ಅದೇ ಕೋರ್ಸಿಗೆ ಎಷ್ಟಾಗುತ್ತದೆ ಅಂತ ಮೊದಲು ನೋಡಿ.

ಸಿಇಟಿ ಬರೆದು ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಇಂಜಿನಿಯರಿಂಗ್ ಸೀಟ್ ಸಿಕ್ಕರೆ ವರ್ಷಕ್ಕೆ ಲಕ್ಷದ ಆಸುಪಾಸು ಫೀಸ್. ಸರ್ಕಾರಿ ಕಾಲೇಜಾದರೆ ಅದಕ್ಕಿಂತ ಕಡಿಮೆ. ಕಾಮೆಡ್‌ಕೆ (ಖಾಸಗಿ ಕಾಲೇಜುಗಳೇ ನಡೆಸುವ ಪ್ರವೇಶ ಪರೀಕ್ಷೆ) ಸೀಟಾದರೆ ಎರಡು-ಮೂರು ಲಕ್ಷ. ಮ್ಯಾನೇಜ್‌ಮೆಂಟ್ ಸೀಟಿಗೆ, ಅದರಲ್ಲೂ ಬೆಂಗಳೂರಿನ ಹೆಸರುವಾಸಿ ಕಾಲೇಜಿನ ಕಂಪ್ಯೂಟರ್ ಸೈನ್ಸಿಗೆ, ಅವರು ಹೇಳಿದ್ದೇ ರೇಟು. ಐಐಟಿಯಲ್ಲಿ ಟ್ಯೂಷನ್ ಫೀಸ್ ವರ್ಷಕ್ಕೆ 2 ಲಕ್ಷ, ಮನೆಯ ಆದಾಯ 1ರಿಂದ 5 ಲಕ್ಷದೊಳಗಿದ್ದರೆ ಅದರಲ್ಲಿ ಮೂರನೇ ಎರಡು ಭಾಗ ಮಾಫಿ. ಮೆಡಿಕಲ್ ಕಥೆಯೇ ಬೇರೆ. ಸರ್ಕಾರಿ ಕಾಲೇಜಿನಲ್ಲಿ ಲಕ್ಷದೊಳಗೆ ಮುಗಿಯುವ ವರ್ಷದ ಫೀಸ್, ಖಾಸಗಿ ಕೋಟಾದಲ್ಲಿ ಹತ್ತು ಲಕ್ಷ ದಾಟುತ್ತದೆ. ಮೂರು ವರ್ಷದ ಮಗುವನ್ನು ನೋಡಿಕೊಂಡು ಆ ಖಾಸಗಿ ಕೋಟಾದ ಸೀಟಿಗೆ ದುಡ್ಡು ಕೂಡಿಡಲು ಹೊರಡೋದು ಸಂಬಳದವರಿಗೆ ಆಗೋ ಮಾತಲ್ಲ, ಬೇಡವೂ ಬೇಡ ಅನ್ನೋದು ನನ್ನ ಅಭಿಪ್ರಾಯ.

ಹಾಗಾಗಿ ಸಿಇಟಿಯ ಖಾಸಗಿ ಇಂಜಿನಿಯರಿಂಗ್ ಸೀಟನ್ನೇ ಅಳತೆಯಾಗಿ ಇಟ್ಟುಕೊಳ್ಳೋಣ. ನಾಲ್ಕು ವರ್ಷದ ಫೀಸ್ 4 ಲಕ್ಷ ಚಿಲ್ಲರೆ. ಬೇರೆ ಊರಾದರೆ ಪಿಜಿಗೆ ತಿಂಗಳಿಗೆ ಹತ್ತು ಸಾವಿರ, ಅಂದರೆ ನಾಲ್ಕು ವರ್ಷಕ್ಕೆ ಸುಮಾರು 5 ಲಕ್ಷ. ಲ್ಯಾಪ್‌ಟಾಪ್, ಪುಸ್ತಕ, ಬಸ್ಸು, ಮೊಬೈಲ್ ಎಲ್ಲಾ ಸೇರಿ 10 ಲಕ್ಷ ಅಂತಿಟ್ಟುಕೊಳ್ಳಿ. ಗಮನಿಸಿ, ಫೀಸಿಗಿಂತ ಇರೋದು ತಿನ್ನೋದರ ಖರ್ಚೇ ಜಾಸ್ತಿ. ನೀವು ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇದ್ದು ಮಗು ಮನೆಯಿಂದಲೇ ಕಾಲೇಜಿಗೆ ಹೋಗುವಂತಾದರೆ ಈ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ.

ಈಗ ಬೆಲೆ ಏರಿಕೆ. ನಾನು ವರ್ಷಕ್ಕೆ 8% ಅಂತ ಹಿಡಿಯುತ್ತೇನೆ. ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತದೆ ಅಂತ ನೋಡಲು ಒಂದು ಸುಲಭ ಲೆಕ್ಕ ಇದೆ: 72ನ್ನು 8ರಿಂದ ಭಾಗಿಸಿ, 9 ಬರುತ್ತದೆ, ಅಂದರೆ ಒಂಬತ್ತು ವರ್ಷಕ್ಕೆ ಖರ್ಚು ಎರಡರಷ್ಟು. ಇವತ್ತಿನ 10 ಲಕ್ಷ ಹದಿನೈದು ವರ್ಷಕ್ಕೆ ಸುಮಾರು 32 ಲಕ್ಷ ಆಗುತ್ತದೆ. ಕೋಟಿ ಅಲ್ಲ, ಆದರೆ ಕಡಿಮೆಯೂ ಅಲ್ಲ.

ಆ 32ರಲ್ಲಿ 16 ಲಕ್ಷ ಉಳಿಸಿ. ಉಳಿದ ಅರ್ಧ ಎಲ್ಲಿಂದ ಬರುತ್ತೆ ಅಂದರೆ, ಒಂದಿಷ್ಟು ಆಗಿನ ನಿಮ್ಮ ಸಂಬಳದಿಂದ, ಯಾಕೆಂದರೆ ಪೂರ್ತಿ ದುಡ್ಡನ್ನು ಮೊದಲ ದಿನವೇ ಕಟ್ಟೋದಿಲ್ಲ, ನಾಲ್ಕು ವರ್ಷಕ್ಕೆ ಹಂಚಿ ಹೋಗುತ್ತದೆ. ಇನ್ನೊಂದಿಷ್ಟು ಎಜುಕೇಷನ್ ಲೋನ್. ಈಗಿನ ನಿಯಮದಲ್ಲಿ ಏಳೂವರೆ ಲಕ್ಷದವರೆಗೆ ಬ್ಯಾಂಕಿಗೆ ಆಸ್ತಿ ಅಡ ಇಡಬೇಕಿಲ್ಲ. ಕಂತು ಶುರುವಾಗೋದು ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷ ಆದ ಮೇಲೆ. 2024ರಲ್ಲಿ ಒಪ್ಪಿಗೆ ಸಿಕ್ಕ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆದಾಯ 8 ಲಕ್ಷದೊಳಗಿದ್ದು ಪಟ್ಟಿಯಲ್ಲಿರುವ ಒಳ್ಳೆ ಕಾಲೇಜಿನಲ್ಲಿ ಸೀಟ್ ಸಿಕ್ಕರೆ, 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಬಡ್ಡಿಯಲ್ಲಿ 3% ಸರ್ಕಾರ ಭರಿಸುತ್ತದೆ. ಓದಿಗೆ ಸಾಲ ಕೊಡೋರಿದ್ದಾರೆ, ನಿಮ್ಮ ಅರವತ್ತರ ನಂತರದ ಊಟಕ್ಕೆ ಕೊಡೋರಿಲ್ಲ. ಪಿಎಫ್ ಖಾಲಿ ಮಾಡಿ ಫೀಸ್ ಕಟ್ಟಿದರೆ ಆಮೇಲೆ ನಿಮ್ಮ ಖರ್ಚೂ ಅದೇ ಮಗುವಿನ ತಲೆ ಮೇಲೆ ಬೀಳುತ್ತದೆ, ಅಲ್ವಾ?

16 ಲಕ್ಷಕ್ಕೆ ತಿಂಗಳಿಗೆ ಎಷ್ಟು? 10% ಗಳಿಕೆ ಅಂತ ಊಹಿಸಿದರೆ (ಮ್ಯೂಚುವಲ್ ಫಂಡಿನಲ್ಲಿ ಇದಕ್ಕೆ ಗ್ಯಾರಂಟಿ ಇಲ್ಲ) ಹದಿನೈದು ವರ್ಷ ತಿಂಗಳಿಗೆ ಸುಮಾರು 3,900 ರೂಪಾಯಿ. ಜಾಸ್ತಿ ಅನ್ನಿಸಿದರೆ 2,200ರಿಂದ ಶುರು ಮಾಡಿ ವರ್ಷ ವರ್ಷ 10% ಏರಿಸುತ್ತಾ ಹೋಗಿ, ಅಲ್ಲಿಗೇ ತಲುಪುತ್ತೀರಿ. ಆಮೇಲೆ ನೋಡೋಣ ಅಂತ ಐದು ವರ್ಷ ಬಿಟ್ಟರೆ ಮಾತ್ರ ಅದೇ 16 ಲಕ್ಷಕ್ಕೆ ತಿಂಗಳಿಗೆ 7,800 ಬೇಕು, ಸರಿಯಾಗಿ ಎರಡರಷ್ಟು.

ಎಲ್ಲಿ ಹಾಕೋದು ಅನ್ನೋದಕ್ಕೆ ನನ್ನ ಸಲಹೆ ಸರಳ. ಮೊದಲು ದುಡಿಯುವವರ ಹೆಸರಲ್ಲಿ ಒಂದು ಟರ್ಮ್ ಇನ್ಶೂರೆನ್ಸ್ (ಅವರು ತೀರಿಕೊಂಡರೆ ಮಾತ್ರ ಮನೆಯವರಿಗೆ ದುಡ್ಡು ಬರುವ ಪಾಲಿಸಿ). ಆಮೇಲೆ ಅರ್ಧ ದುಡ್ಡು ಇಂಡೆಕ್ಸ್ ಫಂಡಿನ (ನಿಫ್ಟಿಯಂಥ ಸೂಚ್ಯಂಕದ ಷೇರುಗಳನ್ನೇ ಕೊಳ್ಳುವ ಮ್ಯೂಚುವಲ್ ಫಂಡ್) ಎಸ್‌ಐಪಿಗೆ, ಅಂದರೆ ತಿಂಗಳ ಕಂತಿಗೆ, ಅರ್ಧ ಸರ್ಕಾರದ ಉಳಿತಾಯ ಯೋಜನೆಯಾದ ಪಿಪಿಎಫ್‌ಗೆ. ಹೆಣ್ಣು ಮಗುವಾದರೆ ಪಿಪಿಎಫ್ ಬದಲು ಸುಕನ್ಯಾ ಸಮೃದ್ಧಿ, ಅವಳಿಗೆ ಹತ್ತು ವರ್ಷ ಆಗೋದರೊಳಗೆ ಪೋಸ್ಟ್ ಆಫೀಸಿನಲ್ಲೋ ಬ್ಯಾಂಕಿನಲ್ಲೋ ಖಾತೆ ತೆರೆಯಬೇಕು. 2024ರ ಜನವರಿಯಲ್ಲಿ ಅದರ ಬಡ್ಡಿ 8.2% ಆಯಿತು, ಪಿಪಿಎಫ್‌ನದು 2020ರಿಂದ 7.1%. ಅರ್ಧ ಪಿಪಿಎಫ್‌ಗೆ ಹೋದರೆ ಸರಾಸರಿ ಗಳಿಕೆ 10%ಗೆ ಮುಟ್ಟದೇ ಇರಬಹುದು, ಆದ್ದರಿಂದ ತಿಂಗಳಿಗೆ ನಾನೂರು-ಐನೂರು ಸೇರಿಸಿಯೇ ಹಾಕಿ. ಸುಕನ್ಯಾದಲ್ಲಿ ಜನ ಎಡವೋದು ಒಂದೇ ಕಡೆ: ಖಾತೆ ಪಕ್ವವಾಗೋದು ಮಗಳಿಗೆ 21 ಆದಾಗ ಅಲ್ಲ, ತೆರೆದು 21 ವರ್ಷ ಆದಾಗ. ಮೂರನೇ ವರ್ಷದಲ್ಲಿ ತೆರೆದರೆ ಅವಳಿಗೆ 24 ಆಗಿರುತ್ತದೆ. ಕಾಲೇಜಿಗೆ ಸೇರುವಾಗ ಹೆಚ್ಚೆಂದರೆ ಅರ್ಧ ಹಣ ತೆಗೆಯಬಹುದು, ಉಳಿದದ್ದು ಎಂ.ಟೆಕ್‌ಗೋ ಎಂಬಿಎಗೋ ಆಗುತ್ತದೆ.

ಸೈಟ್ ಇದೆಯಲ್ಲ, ಆಗ ಮಾರಿದರಾಯ್ತು ಅನ್ನೋರಿಗೆ ಒಂದು ಮಾತು. ಸೀಟ್ ಹಂಚಿಕೆ ಆದ ಮೇಲೆ ಫೀಸ್ ಕಟ್ಟಲು ಸಿಗೋದು ಕೆಲವೇ ದಿನ, ಅಷ್ಟರೊಳಗೆ ಸೈಟ್ ಮಾರಿದರೆ ಸಿಕ್ಕಿದ ರೇಟಿಗೆ ಮಾರಬೇಕು. ಚೀಟಿಯೂ ಇಷ್ಟು ಉದ್ದದ ಗುರಿಗೆ ಹೊಂದಲ್ಲ.

ಎಲ್ಲರೂ ಮರೆಯೋ ಖರ್ಚು ಪಿಯುಸಿ. ಮಂಗಳೂರು, ಮೂಡುಬಿದಿರೆ ಕಡೆಯ ಹಾಸ್ಟೆಲ್ ಇರುವ ಪಿಯು ಕಾಲೇಜಿಗೆ ಕಳಿಸಿದರೆ, ಅಥವಾ ಊರಲ್ಲೇ ನೀಟ್, ಜೆಇಇ ಕೋಚಿಂಗ್ ಹಾಕಿದರೆ, ಎರಡು ವರ್ಷದ ಖರ್ಚು ಎಷ್ಟೋ ಸಲ ಸರ್ಕಾರಿ ಕೋಟಾದ ಇಂಜಿನಿಯರಿಂಗ್ ಫೀಸನ್ನೂ ಮೀರುತ್ತದೆ. ಅದೂ ಹದಿನೆಂಟಕ್ಕೆ ಅಲ್ಲ, ಹದಿನಾರಕ್ಕೇ ಬರುತ್ತದೆ. ಇದಕ್ಕೆ ಬೇರೆ ಆರ್‌ಡಿ ಮಾಡಿ. ಮಗು ಎಂಟನೇ ಕ್ಲಾಸಿಗೆ ಬಂದಾಗ ಶುರು ಮಾಡಿದರೂ ನಡೆಯುತ್ತದೆ.

ಮಗು ಹತ್ತನೇ ಕ್ಲಾಸ್ ಮುಗಿಸಿದಾಗಿಂದ ಫಂಡಿನ ಹಣವನ್ನು ಸ್ವಲ್ಪ ಸ್ವಲ್ಪವಾಗಿ ಎಫ್‌ಡಿಗೆ ಸಾಗಿಸಿ, ಫೀಸ್ ಕಟ್ಟೋ ವರ್ಷವೇ ಮಾರ್ಕೆಟ್ ಬಿದ್ದರೆ ಕಾಯಲು ಸಮಯ ಇರಲ್ಲ. ಇನ್ನೊಂದು, ಫಂಡನ್ನು ಮಗುವಿನ ಹೆಸರಲ್ಲಿ ಮಾಡಬೇಡಿ. ಮಗುವಿಗೆ 18 ತುಂಬಿದ ಕೂಡಲೇ ಆ ಖಾತೆಯ ವ್ಯವಹಾರ ನಿಲ್ಲುತ್ತದೆ. ಪ್ಯಾನ್, ಕೆವೈಸಿ, ಹೊಸ ಬ್ಯಾಂಕ್ ವಿವರ ಕೊಟ್ಟು ಮೇಜರ್ ಅಂತ ಬದಲಾಯಿಸೋವರೆಗೆ ಹಣ ತೆಗೆಯಲು ಆಗಲ್ಲ, ಬಹಳ ಮಕ್ಕಳಿಗೆ 18 ತುಂಬೋದು ಸರಿಯಾಗಿ ಸೀಟ್ ಹಂಚಿಕೆಯ ಸಮಯದಲ್ಲೇ. ನಿಮ್ಮ ಹೆಸರಲ್ಲೇ ಇರಲಿ, ಮಗುವನ್ನು ನಾಮಿನಿ ಮಾಡಿ.