ಖಾಲಿ ಸಾಲಲ್ಲೂ ಪಟ್ಟಿ ಬಂತು

ಜುಲೈ ಮಳೆ ಹಿಡಿದರೆ ಶಿವಮೊಗ್ಗದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ನನ್ನ ಪ್ರಯೋಗಕ್ಕೋ ರಾತ್ರಿಯಿಡೀ 37 ಡಿಗ್ರಿ ಬೇಕು.

ನಾನು ನೋಡುತ್ತಿದ್ದದ್ದು ಗ್ಲಿಯೋಬ್ಲಾಸ್ಟೊಮಾ ಜೀವಕೋಶಗಳನ್ನು. ಈ ಮಿದುಳುಗಡ್ಡೆಯನ್ನು ಎಷ್ಟೇ ಚೆನ್ನಾಗಿ ತೆಗೆದರೂ ಸಾಮಾನ್ಯವಾಗಿ ಮತ್ತೆ ಬರುತ್ತದೆ, ಯಾಕಂದ್ರೆ ಅಷ್ಟರಲ್ಲಿ ಕೆಲವು ಕೋಶಗಳು ಪಕ್ಕದ ಮಿದುಳಿಗೆ ನುಗ್ಗಿರುತ್ತವೆ. ದಾರಿ ಬಿಡಿಸಿಕೊಳ್ಳಲು ಅವು ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ಹೊರಬಿಡುತ್ತವೆ. ಅದರಲ್ಲಿ ಎಂಎಂಪಿ-2, ಎಂಎಂಪಿ-9 ಎರಡು. ಈ ಕುಟುಂಬದ ಕಿಣ್ವ ಮೊದಲು ಸಿಕ್ಕಿದ್ದು 1962ರಲ್ಲಿ, ಗೊದಮೊಟ್ಟೆಯ ಬಾಲ ಕರಗುವುದು ಹೇಗೆ ಅಂತ ಹುಡುಕುವಾಗ. ನಮ್ಮ ಗದ್ದೆಯಲ್ಲಿ ಚಿಕ್ಕಂದಿನಲ್ಲಿ ಎಷ್ಟು ಗೊದಮೊಟ್ಟೆ ಹಿಡಿದಿದ್ದೆನೋ!

ಈ ಕಿಣ್ವಗಳನ್ನು ಕಣ್ಣಿಗೆ ಕಾಣಿಸುವ ವಿಧಾನದ ಹೆಸರು ಜೈಮೋಗ್ರಫಿ. ಜೆಲ್ ಮಾಡುವಾಗಲೇ ಅದಕ್ಕೆ ಜೆಲಟಿನ್ ಬೆರೆಸಬೇಕು. ಕೋಶ ಬೆಳೆದ ದ್ರವವನ್ನು (ಮೀಡಿಯಂ) ಕುದಿಸದೆ ಜೆಲ್‌ನ ಸಾಲುಗಳಿಗೆ ಹಾಕಿ ಕರೆಂಟ್ ಕೊಟ್ಟು ಓಡಿಸಬೇಕು, ಕುದಿಸಿದರೆ ಕಿಣ್ವ ಸತ್ತಂತೆ. ಆಮೇಲೆ ಟ್ರೈಟಾನ್ ಅನ್ನುವ ಮಾರ್ಜಕದಲ್ಲಿ ತೊಳೆದು, ಕ್ಯಾಲ್ಸಿಯಂ ಇರುವ ಬಫರ್‌ನಲ್ಲಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಕೂಮಾಸಿ ನೀಲಿ ಹಾಕಿದರೆ ಜೆಲ್ ಪೂರ್ತಿ ನೀಲಿಯಾಗುತ್ತದೆ, ಕಿಣ್ವ ಜೆಲಟಿನ್ ತಿಂದ ಜಾಗ ಮಾತ್ರ ತಿಳಿಯಾಗಿ ಉಳಿಯುತ್ತದೆ. ಪ್ರೋಟೀನ್ ತೂಕದ ಅಳತೆ ಕಿಲೋಡಾಲ್ಟನ್‌ನಲ್ಲಿ 72ರ ಹತ್ತಿರ ಎಂಎಂಪಿ-2, 92ರ ಹತ್ತಿರ ಎಂಎಂಪಿ-9.

ಮೊದಲ ಸಲ ನನ್ನ ಜೆಲ್‌ನಲ್ಲಿ ಎಲ್ಲ ಸಾಲಲ್ಲೂ 72ರ ಪಟ್ಟಿ ಮಿನುಗಿತು. ಖುಷಿಯಾಯಿತು. ಆಮೇಲೆ ನೋಡಿದರೆ ಕೋಶವೇ ಇಲ್ಲದ, ಬರೀ ಮೀಡಿಯಂ ಹಾಕಿದ ಸಾಲಲ್ಲೂ ಅದೇ ಪಟ್ಟಿ! ಕಾರಣ ಸೀರಂ, ಅಂದರೆ ರಕ್ತದ ತಿಳಿ ದ್ರವ. ಕೋಶಕ್ಕೆ ಆಹಾರ ಅಂತ ಹಾಕುವ ಕರುವಿನ ಸೀರಂನಲ್ಲೇ ಈ ಕಿಣ್ವ ಇರುತ್ತದೆ. ಎರಡು ವಾರದ ಕೆಲಸ ಸುಮ್ನೆ ಹೋಯಿತು. ಈಗ ಕೊನೆಯ 24 ಗಂಟೆ ಸೀರಂ ಇಲ್ಲದ ಮೀಡಿಯಂ ಹಾಕುತ್ತೇನೆ, ಖಾಲಿ ಸಾಲು ತಪ್ಪಿಸುವುದಿಲ್ಲ.

ಹಾಗಾದರೆ ಕಿಣ್ವ ತಡೆದರೆ ಗಡ್ಡೆ ನಿಲ್ಲಬೇಕಲ್ವಾ? ಮಾರಿಮಾಸ್ಟಾಟ್ ಅನ್ನುವ ಮಾತ್ರೆ ಕೊಟ್ಟು ನೋಡಿದ್ದಾರೆ. ಅದೊಂದನ್ನೇ ಕೊಟ್ಟಾಗ ಈ ರೋಗಿಗಳ ಆಯುಷ್ಯ ಹೆಚ್ಚಲಿಲ್ಲ, ಜೊತೆಗೆ ಕೀಲುನೋವು ಬೇರೆ. ಒಂದು ಬಾಗಿಲು ಮುಚ್ಚಿದರೆ ಕೋಶಗಳಿಗೆ ಕೆಥೆಪ್ಸಿನ್, ಯುರೋಕೈನೇಸ್ ಅಂತ ಬೇರೆ ಕತ್ತರಿಗಳೂ ಇವೆ.

ಕರೆಂಟಿಗೆ ಕಂಡುಕೊಂಡ ಉಪಾಯ ಬಹಳ ಸರಳ. ಜೆಲ್ ಡಬ್ಬಿಯನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು, ಸುತ್ತ ಬಿಸಿನೀರಿನ ಬಾಟಲಿ, ಒಳಗೊಂದು ಥರ್ಮಾಮೀಟರ್. ಕಳೆದ ಗುರುವಾರ ಎರಡು ಸಲ ಎದ್ದು ನೀರು ಬದಲಿಸಿದೆ. ಬೆಳಿಗ್ಗೆ ಖಾಲಿ ಸಾಲು ಪೂರ್ತಿ ನೀಲಿಯಾಗಿತ್ತು. ಕೋಶದ ಸಾಲಲ್ಲಿ ಮಾತ್ರ ತಿಳಿ ಪಟ್ಟಿ.